ಕಾಲು ಕೊಡಿ, ಮೆನೇರ್

ಶನಿವಾರ ಬೆಳಗ್ಗೆ ಆರು ಗಂಟೆ. ನೆದರ್ಲೆಂಡ್ಸಿನ ಐಂಡ್‌ಹೋವನ್‌ನ ಸ್ಕೀ ಅಂಗಡಿಯೊಂದರ ಹಿಂಬದಿಯಲ್ಲಿ ನಾರಾಯಣಸ್ವಾಮಿ ಮಂಡಿಯೂರಿದ್ದಾರೆ. ಬೆಂಚಿನ ಮೇಲೆ ಕೂತವರ ಪಾದ ಅವರ ತೊಡೆಯ ಮೇಲಿದೆ. "ಬೆರಳು ಆಡಿಸಿ, ಮೆನೇರ್," ಎನ್ನುತ್ತಾರೆ ಡಚ್ಚಿನಲ್ಲಿ; ಮೆನೇರ್ ಎಂದರೆ ಇಲ್ಲಿಯ ಸಾರ್. ಬೆರಳು ಆಡುತ್ತವೆ. ಬೂಟಿನ ನಾಲ್ಕು ಕೊಂಡಿಗಳೂ ಟಕಟಕನೆ ಬೀಳುತ್ತವೆ. ಮುಂದಿನ ಪಾದ.

ಹಪ್ಪಳದಷ್ಟು ಚಪ್ಪಟೆಯಾದ ನಾಡಿದು. ಸೈಕಲ್ ಸವಾರರು ಏದುಸಿರು ಬಿಡುವುದು ಸೇತುವೆ ಹತ್ತುವಾಗ ಮಾತ್ರ. ಹಾಗಾಗಿ ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಬೆಟ್ಟ ಬೇಕೆಂದರೆ ಬಸ್ಸು ಹತ್ತಿ ಜರ್ಮನಿಗೆ ಹೋಗಬೇಕು. ಹೋಗುವ ಮುನ್ನ ಎಲ್ಲರ ಪಾದವೂ ಅರವತ್ತೆರಡರ ಈ ಹಿರಿಯರ ಕೈ ದಾಟಬೇಕು. ದಿನಕ್ಕೆ ನಲವತ್ತಾರು ಜೋಡಿ. ಟೈಲ್ಸ್ ಹಾಕುವವರು ಕಟ್ಟಿಕೊಳ್ಳುವಂಥ ದಪ್ಪ ಪಟ್ಟಿ ಮಂಡಿಗೆ. "ದೇವಸ್ಥಾನದಲ್ಲಿ ಮಂಡಿನೋವು ಅಂತ ಕುರ್ಚಿ ಕೇಳ್ತಾರೆ. ಶನಿವಾರ ಬಂದ್ರೆ ಊರವರ ಕಾಲಿಗೆಲ್ಲ ಬೀಳ್ತಾರೆ," ಎನ್ನುವುದು ಪತ್ನಿ ಮೈಥಿಲಿಯವರ ದೂರು.

ಪೀಣ್ಯದಲ್ಲಿ ಲೇತ್ ಕೆಲಸ ಕಲಿತವರು, ಇಪ್ಪತ್ತೆಂಟು ವರ್ಷದ ಹಿಂದೆ ಇಲ್ಲಿನ ಯಂತ್ರ ಕಾರ್ಖಾನೆಗೆ ಬಂದವರು. ಅದು ಬಾಗಿಲು ಹಾಕಿದಾಗ ಅವರಿಗೆ ಐವತ್ತೊಂದು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸುಸ್ತಾದ ಮೇಲೆ ಈ ಅಂಗಡಿ ಕರೆಯಿತು. "ಸ್ಕ್ರೂಡ್ರೈವರ್ ಹಿಡಿಯಕ್ಕೆ ಬರತ್ತಾ ಅಂದ್ರು. ಸ್ಕೀ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ, ಬಚಾವಾದೆ."

ಕೆಲಸ ಇಷ್ಟು: ಸ್ಕೀ ಹಲಗೆಯ ಮೇಲೆ ಬೂಟನ್ನು ಹಿಡಿದಿಡುವ ಕ್ಲಿಪ್ಪನ್ನು ಒಬ್ಬೊಬ್ಬರ ಬೂಟಿನ ಉದ್ದ, ಮೈತೂಕ ನೋಡಿ ಬಿಗಿ ಮಾಡುವುದು. ಬಿದ್ದಾಗ ಅದು ತಾನೇ ಬಿಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಹಲಗೆ ತಿರುಗಿದತ್ತ ಕಾಲೂ ತಿರುಗುತ್ತದೆ. "ತೂಕ ಕೇಳಿದ್ರೆ ಎಲ್ಲರೂ ಮದುವೆ ದಿನದ್ದು ಹೇಳ್ತಾರೆ," ಎನ್ನುವ ಅವರು ತಕ್ಕಡಿಯನ್ನು ಬೆಂಚಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.

ತಕ್ಕಡಿಗೂ ಬಗ್ಗದ ಗಿರಾಕಿಗಳೆಂದರೆ ಕನ್ನಡದವರು. ಹಿರಿಯರು ಕನ್ನಡದವರೆಂದು ಗೊತ್ತಾದ ಕ್ಷಣವೇ ಪಾದಗಳು ಬೆಂಚಿನಡಿ ಸೇರುತ್ತವೆ. ಅದಕ್ಕೇ ನಾರಾಯಣಸ್ವಾಮಿ ಕೊನೆಯ ಕೊಂಡಿ ಬೀಳುವತನಕ ಡಚ್ ಬಿಡುವುದಿಲ್ಲ. "ಆಮೇಲೆ, ತಿಂಡಿ ಆಯ್ತಾ ಅಂತೀನಿ. ಹೌಹಾರ್ತಾರೆ."

ಈ ಶನಿವಾರ ಗುಟ್ಟು ಬೇಗ ರಟ್ಟಾಗುತ್ತದೆ. ಮೈಸೂರಿನ ಚಿಪ್ ಎಂಜಿನಿಯರ್ ಚರಣ್‌ನ ಬಲಗಾಲು ಅವರ ಕೈಯಲ್ಲಿರುವಾಗ ಫೋನು ಬರುತ್ತದೆ. "ಹ್ಞೂಂ ಕಣೇ, ಮಾತ್ರೆ ತಗೊಂಡೆ," ಎನ್ನುತ್ತಾರೆ. ಚರಣ್ ಬೆಂಕಿ ತಾಗಿದಂತೆ ಕಾಲೆಳೆದುಕೊಳ್ಳುತ್ತಾನೆ. "ಅಯ್ಯೋ ಅಂಕಲ್, ನೀವು ನನ್ನ ಕಾಲು ಮುಟ್ಟೋದಾ? ಸೈಜ್ ಸರಿ ಇದೆ, ಮಿಕ್ಕಿದ್ದು ನಾನೇ ನೋಡ್ಕೋತೀನಿ." ಬೂಟು ಎತ್ತಿಕೊಂಡು ಬಸ್ಸಿಗೆ ಓಡುತ್ತಾನೆ.

ಹನ್ನೊಂದು ಗಂಟೆಗೆ ಬೆಟ್ಟದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಆಕಾಶ ಒಗೆದು ಹರಡಿದ ನೀಲಿ ಸೀರೆ. ಹಿಮದಲ್ಲಿ ಜನ ಬೀಳುತ್ತಾರೆ, ನಗುತ್ತಾರೆ, ಮತ್ತೆ ಬೀಳುತ್ತಾರೆ. ಬಸ್ಸಿನ ಜೊತೆಗೇ ಬಂದಿರುವ ನಾರಾಯಣಸ್ವಾಮಿ ಮಾತ್ರ ಮೇಲೆ ಹೋಗುವವರ ಸಾಲನ್ನು ಹಿಂಬದಿಯಿಂದ ನೋಡುತ್ತಾ ನಡೆಯುತ್ತಾರೆ. ಬೂಟಿನ ಹಿಮ್ಮಡಿಯಲ್ಲೂ ಹಲಗೆಯಲ್ಲೂ ಒಂದೇ ನಂಬರು ಇರಬೇಕು. ಚರಣ್‌ನ ಹಲಗೆಯಲ್ಲಿ ಹದಿನೇಳು, ಬೂಟಿನಲ್ಲಿ ಮೂವತ್ತೊಂದು.

"ಈ ಬೂಟು ಯಾರದಪ್ಪ?"

"ಫ್ರೆಂಡ್ ಶ್ರೀಕರಂದು ಅಂಕಲ್. ನಂದು ಟೈಟ್ ಇತ್ತು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ವಿ."

"ಇಲ್ಲಿ ಅಡ್ಜಸ್ಟ್ ಮಾಡೋನು ನಾನು. ಇದು ಉದ್ದದ ಬೂಟು. ಒತ್ತಿದ್ರೆ ಸಿಕ್ಕೊಳ್ಳತ್ತೆ, ಬಿದ್ರೆ ಬಿಚ್ಕೊಳ್ಳಲ್ಲ. ನನ್ನ ಯಾಕೆ ಕೇಳ್ಲಿಲ್ಲ?"

"ನಿಮ್ಮನ್ನ ಮತ್ತೆ ಬಗ್ಗಿಸೋದಾ ಅಂತ..."

"ಕಾಲು ಕೊಡು."

"ನೀವು ನಮ್ಮಪ್ಪನ ವಯಸ್ಸಿನವರು ಅಂಕಲ್."

"ನಿಮ್ಮಪ್ಪ ನಿನ್ನ ಕಾಲು ಹಿಡ್ಕೊಂಡು ಶೂ ಹಾಕಿಲ್ವಾ? ಕೊಡು ಇಲ್ಲಿ."

ಚರಣ್ ಹಲಗೆ ಬಿಚ್ಚಿ ಕೂರುತ್ತಾನೆ. ಹಿರಿಯರು ಹಿಮದಲ್ಲಿ ಮಂಡಿಯೂರುತ್ತಾರೆ. ಬೂಟು ಕಳಚಿದರೆ ಒಳಗೆ ಎರಡು ದಪ್ಪ ಕಾಲ್ಚೀಲ, ಒಂದರ ಮೇಲೊಂದು.

"ಅಮ್ಮ ಹೆಣೆದು ಕಳಿಸಿದ್ದು," ಎನ್ನುತ್ತಾನೆ, ತಪ್ಪೊಪ್ಪಿಕೊಂಡವನಂತೆ.

"ಅಮ್ಮನ್ನ ಜೇಬಲ್ಲಿಟ್ಕೋ. ಬೂಟಿನೊಳಗೆ ಒಂದೇ, ತೆಳುವಾದ್ದು."

ಶ್ರೀಕರ ಹಿಂತಿರುಗಿಸಿದ ಹದಿನೇಳನೇ ನಂಬರಿನ ಬೂಟಿನಲ್ಲಿ ಆ ಪಾದ ಈಗ ಸಲೀಸಾಗಿ ಕೂರುತ್ತದೆ. ಕೊಂಡಿ ಹಾಕಿ, ಹಿಮ್ಮಡಿ ತಟ್ಟಿ, ಹೋಗು ಎನ್ನುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಚರಣ್ ತಾನು ಅಂದುಕೊಂಡದ್ದಕ್ಕಿಂತ ಬಹಳ ಜೋರಾಗಿ ಇಳಿದು ಬರುತ್ತಾನೆ. ಒಂದು ಹಲಗೆ ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗುತ್ತದೆ. ಅವನು ಒಂದು ಸುತ್ತು ತಿರುಚಿಕೊಂಡು ಧೊಪ್ಪನೆ ಬೀಳುತ್ತಾನೆ. ಹಿಮದ ಪುಡಿ ಬಿಸಿಲಲ್ಲಿ ಮೇಲೇಳುತ್ತದೆ.

"ಇದ್ದೀಯೇನೋ?" ಎಂದು ಶ್ರೀಕರ ಕೂಗುತ್ತಾನೆ.

ನಾರಾಯಣಸ್ವಾಮಿ ಅವನ ಮುಖದತ್ತ ನೋಡುವುದಿಲ್ಲ. ಅವರ ಕಣ್ಣು ಹಲಗೆಗಳನ್ನು ಹುಡುಕುತ್ತದೆ. ಎರಡೂ ಬಿಚ್ಚಿಕೊಂಡು ದೂರದಲ್ಲಿ ಬಿದ್ದಿವೆ. ಚರಣ್ ಮೊದಲು ನಗುತ್ತಾನೆ, ಆಮೇಲೆ ಎದ್ದು ನಿಲ್ಲುತ್ತಾನೆ.

ನಿಮಗೊಮ್ಮೆ ಸ್ಕೀ ಮಾಡುವ ಆಸೆ ಇಲ್ಲವೇ ಎಂದರೆ ಅವರು ಮಂಡಿಯ ಹಿಮ ಕೊಡವಿಕೊಳ್ಳುತ್ತಾರೆ.

"ಅಂಥ ಆಸೆ ಏನಿಲ್ಲ. ಬೆಳಗ್ಗೆ ನಾನು ಹಿಡಿದ ಕಾಲುಗಳೆಲ್ಲ ಸಂಜೆ ತಾವೇ ನಡ್ಕೊಂಡು ಬಸ್ ಹತ್ತಿದ್ರೆ ಸಾಕು. ಒಂಬತ್ತು ವರ್ಷದಿಂದ ಹತ್ತಿವೆ."