ಭಾವನವರು ಕಟ್ಟು ಹಾಕಿಸಿದ ಫೋಟೋ

ನಮ್ಮ ಭಾವನವರು ಯಾರ ಮೇಲೂ ಕೈ ಎತ್ತಿದವರಲ್ಲ. ಅವರದ್ದೇನಿದ್ದರೂ ನಾಲಿಗೆಯಲ್ಲಿ, ಅದೂ ನಗುನಗುತ್ತಾ. ಹೂಟಗಳ್ಳಿಯ ಮನೆ ಅವರು ಕಟ್ಟಿಸಿದ್ದು, ನಾವು ಅದರಲ್ಲಿ ಇದ್ದವರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ನನ್ನ ಗಂಡ ಅಣ್ಣನ ಊಟಕ್ಕೆ ಉಪ್ಪಿನಕಾಯಿ.

ತೊಂಬತ್ತರ ದಶಕದ ಕೊನೆಯಲ್ಲಿ ಇವರಿಗೆ ಒಂದು ಗ್ಯಾಲಕ್ಸಿಯ ಹುಚ್ಚು ಹಿಡಿಯಿತು. ಆಕಾಶಗಂಗೆಯ ದೂಳಿನ ಹಿಂದೆ ಅಡಗಿದ್ದು, ತೀರಾ ಮಂಕು, ಅದರ ಫೋಟೋ ತೆಗೆದವರೇ ಅಪರೂಪವಂತೆ. ತಾವೇ ಕನ್ನಡಿ ಉಜ್ಜಿ ಮಾಡಿದ ಟೆಲಿಸ್ಕೋಪಿನ ಬೆನ್ನಿಗೆ ಹಳೆಯ ಕ್ಯಾಮೆರಾ ಕಟ್ಟಿ ಹಿತ್ತಿಲಲ್ಲಿ ಕೂರುತ್ತಿದ್ದರು. ಕಾರ್ಖಾನೆಗಳ ದೀಪ ಬೀಳದಂತೆ ನಾನು ಬಟ್ಟೆ ಒಣಹಾಕುವ ತಂತಿಗೆ ಜಮಖಾನ ಹೊದಿಸುತ್ತಿದ್ದೆ. ಕರೆಂಟು ಹೋದಾಗ ಬೀದಿಯವರೆಲ್ಲ ಶಾಪ ಹಾಕಿದರೆ ನಮಗಿಬ್ಬರಿಗೆ ಹಬ್ಬ. ಒಂದೇ ಫೋಟೋಗೆ, ನಕ್ಷತ್ರವೊಂದು ಟೆಲಿಸ್ಕೋಪಿನ ಗುರುತಿನಿಂದ ಕದಲದಂತೆ ತಿರುಪು ತಿರುಗಿಸುತ್ತಾ ಗಂಟೆಗಟ್ಟಲೆ ಕೂರಬೇಕು. ಕೆಮ್ಮಿದರೆ ಕೆಟ್ಟಿತು.

ಒಮ್ಮೆ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿರುವಾಗ ಭಾವನವರು ಶುರುಮಾಡಿದರು. "ಹಿತ್ಲಲ್ಲಿ ನಾಲ್ಕು ರೂಮು ಎಬ್ಬಿಸ್ತೀನಿ, ಫ್ಯಾಕ್ಟರಿಯವ್ರು ಬಾಡಿಗೆಗೆ ಬರ್ತಾರೆ. ಸಂಕ್ರಾಂತಿವರ್ಗೂ ಟೈಮು ಕಣೋ. ಅಷ್ಟ್ರಲ್ಲಿ ನಿನ್ ಗ್ಯಾಲಕ್ಸೀನ ದೊಡ್ದಾಗಿ ಪ್ರಿಂಟ್ ಹಾಕ್ಸಿ ನನ್ ಕೈಗೆ ಕೊಡು, ಹಿತ್ಲು ನಿಂದೇ."

ಆ ಚಳಿಗಾಲದಲ್ಲಿ ಅದು ಸಿಕ್ಕಿತು. ಬಚ್ಚಲುಮನೆಯಲ್ಲೇ ರೋಲು ತೊಳೆದು, ಕಿಟಕಿಗೆ ಹಿಡಿದು, ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ನೆಗೆಟಿವ್ ಆದ್ದರಿಂದ ನಕ್ಷತ್ರಗಳೆಲ್ಲ ಕಪ್ಪು ಚುಕ್ಕಿ. ನಡುವೆ ಬೆರಳಲ್ಲಿ ಕಾಡಿಗೆ ಒರೆಸಿದಷ್ಟು ಮಸುಕು. ಆ ರೋಲಿನಲ್ಲಿ ಸರಿಬಂದದ್ದು ಅದೊಂದೇ. "ಸಿಕ್ತು ಕಣೇ" ಎಂದು ಒದ್ದೆ ನೆಲದ ಮೇಲೇ ಕೂತುಬಿಟ್ಟರು. ನಮ್ಮ ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲ.

ದೊಡ್ಡ ಪ್ರಿಂಟಿಗೆ ಸರಸ್ವತಿಪುರದ ಸ್ಟುಡಿಯೋ ಒಂದಕ್ಕೆ ಕೊಟ್ಟೆವು. ಅದರ ಮಾಲೀಕರು ಪೆನ್ಸಿಲು, ಬ್ಲೇಡು ಹಿಡಿದು ನೆಗೆಟಿವ್ ಮೇಲೇ ಮೊಡವೆ, ಸಿಡುಬಿನ ಕಲೆ ಅಳಿಸುವುದರಲ್ಲಿ ಎತ್ತಿದ ಕೈ. ಎಷ್ಟೋ ಹೆಣ್ಣುಮಕ್ಕಳ ಮದುವೆ ಕುದುರಿದ್ದು ಆ ಬ್ಲೇಡಿನಿಂದ. ಇದು ಆಕಾಶದ ಫೋಟೋ ಎಂದು ನಾವು ಹೇಳಲಿಲ್ಲ, ಅವರು ಕೇಳಲಿಲ್ಲ.

ಪ್ರಿಂಟು ತರಲು ಹೋದಾಗ ಅವರ ಮುಖ ಅರಳಿತ್ತು. "ಫಿಲಂ ತುಂಬಾ ಕಸ ಕೂತಿತ್ತು ಸಾರ್. ಒಂದೊಂದೇ ಚುಕ್ಕಿ ಕೆರ್ದು ತೆಗ್ದ್ಬುಟ್ಟೆ. ನಡುವೆ ಏನೋ ಕೊಳೆ ಮೆತ್ಕೊಂಡಿತ್ತು, ಅದೂ ಹೋಯ್ತು."

ದೊಡ್ಡ ಹಾಳೆ. ಈ ಅಂಚಿನಿಂದ ಆ ಅಂಚಿನವರೆಗೆ ಕಪ್ಪು. ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು ನನಗೆ. ಇವರು ಹಾಳೆಯನ್ನು ನೋಡುತ್ತಾ ನಿಂತಿದ್ದು, "ಕೈ ಚೆನ್ನಾಗಿದೆ ನಿಮ್ದು" ಎಂದರು.

ಭಾವನವರು ನಡೆದದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು, ನಗಲಿಲ್ಲ. ಹಬ್ಬ ಮುಗಿದ ಕೂಡಲೇ ಹಿತ್ತಿಲಲ್ಲಿ ಪಾಯ ತೋಡಿಸಿದರು. ಆ ಹಾಳೆಗೆ ಚಿನ್ನದ ಬಣ್ಣದ ಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದರು. ಬಂದವರಿಗೆಲ್ಲ ಅದೇ ಮಾತು: "ನನ್ ತಮ್ಮ ವರ್ಷಗಟ್ಲೆ ಚಳೀಲಿ ಕೂತು ತೆಗ್ದಿದ್ದು ಕಣ್ರೀ. ಸ್ವಲ್ಪ ಹತ್ರ ಹೋಗಿ ನೋಡಿ." ಹತ್ತಿರ ಹೋದವರಿಗೆ ಗಾಜಿನಲ್ಲಿ ತಮ್ಮ ಮುಖವೇ ಕಾಣುತ್ತಿತ್ತು. ನಾನೊಮ್ಮೆ ಅದನ್ನು ತೆಗೆದು ಮಂಚದ ಕೆಳಗೆ ತಳ್ಳಿದೆ. ಮರುದಿನ ಮತ್ತೆ ಗೋಡೆಯ ಮೇಲಿತ್ತು. "ಗಂಡನ ಶ್ರಮಕ್ಕೆ ಬೆಲೆ ಕೊಡ್ಬೇಕು ಕಣಮ್ಮ" ಎಂದರು. ಆ ಮನುಷ್ಯನನ್ನು ನಾನು ಮನಸಾರೆ ದ್ವೇಷಿಸಿದೆ.

ನಮ್ಮ ಮಗಳಿಗೆ ಆಗಷ್ಟೇ ಮಾತು ಸ್ಪಷ್ಟವಾಗಿತ್ತು. ಒಂದು ಭಾನುವಾರ ಬಂದ ನೆಂಟರೊಬ್ಬರ ಬೆರಳು ಹಿಡಿದೆಳೆದು ಗೋಡೆಯ ಮುಂದೆ ನಿಲ್ಲಿಸಿದಳು. "ನಮ್ಮಪ್ಪ ತೆಗ್ದಿದ್ದು ಕಣ್ರೀ. ಸ್ವಲ್ಪ ಹತ್ರ ಹೋಗಿ ನೋಡಿ" ಎಂದಳು, ದೊಡ್ಡಪ್ಪನ ರಾಗದಲ್ಲೇ. ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಇವರು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇವತ್ತಾದರೂ ಸಿಟ್ಟು ಬರಬಹುದು ಎಂದು ನಾನು ಅವರನ್ನೇ ನೋಡಿದೆ. ಅವರೂ ಎಲ್ಲರ ಜೊತೆ ನಕ್ಕರು. ತಟ್ಟೆ ಕೆಳಗಿಟ್ಟು ಮಗಳ ಮುಂದೆ ಬಗ್ಗಿ, "ಇನ್ನೊಂದ್ಸಲ ಹೇಳು ಪುಟ್ಟಿ" ಎಂದರು.