ಬೋಡ್ಕರ್ ಮನೆತನದ ಕಸುಬು

‘ಪೀಟರ್ ಬೋಡ್ಕರ್’ ಅಂತ ಮಗಳು ಸೋನಾಲಿ ಫೋನಿನಲ್ಲಿ ತಾನು ಮೆಚ್ಚಿದವನ ಹೆಸರು ಹೇಳಿದಾಗ ಶಿವಬಸಮ್ಮ ಗಾಣಿಗೇರರಿಗೆ ಹೊಳೆದದ್ದು ಕೊಲ್ಹಾಪುರ. ಕ್ರಿಶ್ಚಿಯನ್ ಮರಾಠಿ ಹುಡುಗ ಇರಬೇಕು ಅಂದುಕೊಂಡರು. ಆ ಭಾನುವಾರ ಎಲಿಕಾಟ್ ಸಿಟಿಯ ಮನೆ ಬಾಗಿಲಲ್ಲಿ ಸೋನಾಲಿಯ ಹಿಂದೆ ನಿಂತವನು ಒಣಹುಲ್ಲಿನ ಬಣ್ಣದ ಕೂದಲಿನ ಬಿಳಿಯ.

ಬಾಗಲಕೋಟೆಯ ಶಿವಬಸಮ್ಮ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ಕೇಳಿದ್ದನ್ನು ನಂಬುವ ಜಾಯಮಾನವಲ್ಲ. ರೋಗಿ ‘ಬೆಳಿಗ್ಗೆಯಿಂದ ಏನೂ ತಿಂದಿಲ್ಲ’ ಅಂದರೆ ತಿರುವಿ ತಿರುವಿ ಕೇಳಿ, ಕೊನೆಗೆ ಒಂದು ಬಿಸ್ಕತ್ತಾದರೂ ತಿಂದಿದ್ದಾಗಿ ಒಪ್ಪಿಸುವವರು. ಆ ಗುಮಾನಿ ಎಷ್ಟೋ ಜೀವ ಉಳಿಸಿತ್ತು. ಮನೆಯವರಿಗೆ ಮಾತ್ರ ಅದೊಂದು ತಲೆನೋವು.

ಊಟಕ್ಕೆ ಕೂತಾಗ ಪೀಟರನನ್ನು ಕೇಳಿದರು: “ನಿಮ್ಮ ಅಡ್ಡಹೆಸರಿನ ಅರ್ಥ ಏನು?”

“ಗೊತ್ತಿಲ್ಲ. ಡೆನ್ಮಾರ್ಕಿನ ಹೆಸರು. ತಾತ ಅದರ ಬಗ್ಗೆ ಮಾತೇ ಆಡಲ್ಲ.”

ಶಿವಬಸಮ್ಮನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಹೂಗಾರ, ಬಡಿಗೇರ, ಪತ್ತಾರ ಅಂದರೆ ಸಾಕು, ಅವರ ಊರಲ್ಲಿ ಮನೆತನದ ಕಸುಬು ತಿಳಿಯುತ್ತಿತ್ತು. ಈ ತಾತ ಯಾಕೆ ಬಾಯಿ ಬಿಡುವುದಿಲ್ಲ?

ಮರುದಿನ ಪಕ್ಕದ ಊರು ಕೊಲಂಬಿಯಾದ ಲೈಬ್ರರಿಯಲ್ಲಿ ಡೇನಿಶ್ ನಿಘಂಟು ತೆರೆದರು. ಹುಡುಗ ಬರೆಯುವ ಹಾಗೆ ಹುಡುಕಿದರೆ ಹೆಸರು ಸಿಗಲಿಲ್ಲ. ‘ಬಿ’ಯ ಕೊನೆಯಲ್ಲಿ, ಓ ಅಕ್ಷರಕ್ಕೆ ಅಡ್ಡಗೀಟು ಎಳೆದಿದ್ದ ಪದಗಳ ನಡುವೆ, ಅದನ್ನೇ ಹೋಲುವ ‘ಬೊಡ್ಡೆಲ್’ ಕಣ್ಣಿಗೆ ಬಿತ್ತು. ಅರ್ಥ: ಅಪರಾಧಿಗಳ ತಲೆ ಕಡಿಯುವವನು. ಪುಸ್ತಕ ಮುಚ್ಚಿ ಹೊರಬಿದ್ದರು.

“ನೋಡ್ರಿ, ಕೊರಳು ಕಡಿಯೋರ ಮನೆತನ,” ಅಂದರು ಗಂಡ ಕರಬಸಪ್ಪನವರಿಗೆ. “ಇಲ್ಲಿಗೆ ಬಂದಮ್ಯಾಲೆ ಹೆಸರು ತಿದ್ದಿಕೊಂಡಾರ. ಅದಕ್ಕ ಮುದುಕ ಸುಮ್ಮನದಾನ.”

“ನೀ ದಿನಾ ಮಂದೀನ ಎಚ್ಚರ ತಪ್ಪಸ್ತಿ. ಅವರು ನಿನ್ನ ಏನಂತ ತಿಳ್ಕೋಬೇಕು?”

ಶಿವಬಸಮ್ಮ ನಗಲಿಲ್ಲ. ಮುದುಕನನ್ನು ನೋಡದೆ ಮದುವೆಯ ಮಾತು ಮುಂದುವರಿಸುವುದಿಲ್ಲ ಅಂತ ಹಟ ಹಿಡಿದರು. ೧೯೯೮ರ ಬೇಸಿಗೆಯಲ್ಲಿ ನಾಲ್ವರೂ ಷಾರ್ಲೆಟ್‌ಗೆ ಡ್ರೈವ್ ಮಾಡಿಕೊಂಡು ಹೋದರು. ಆಗಷ್ಟೇ ಮನೆಗಳೇಳುತ್ತಿದ್ದ ಬ್ಯಾಲಂಟೈನ್ ಬಡಾವಣೆಯಲ್ಲಿ ಪೀಟರನ ತಾತ ನೀಲ್ಸ್ ಮಗನ ಜೊತೆಗಿದ್ದ. ಕಾಫಿ ಕೊಟ್ಟವನ ಕೈಗಳನ್ನೇ ಶಿವಬಸಮ್ಮ ನೋಡಿದರು. ದಪ್ಪ ಮಣಿಕಟ್ಟು, ಅಗಲ ಅಂಗೈ. ಅನುಮಾನ ಇನ್ನಷ್ಟು ಬಲಿಯಿತು.

“ನಿಮ್ಮ ಹಿರಿಯರು ತಲೆ ಕಡಿಯೋ ಕೆಲಸ ಮಾಡ್ತಿದ್ರಾ?”

“ಮಮ್ಮೀ!” ಅಂದಳು ಸೋನಾಲಿ.

ಮುದುಕನ ಮುಖ ಕೆಂಪಾಯಿತು. “ಶಾಲೇಲಿ ಹುಡುಗರು ಹೀಗೇ ಕೂಗ್ತಿದ್ರು. ಕೊರಳ ಮೇಲೆ ಕೈ ಎಳೆದು ತೋರಿಸ್ತಿದ್ರು. ತಲೆ ಕಡಿಯೋನು ಅನ್ನೋ ಪದ, ನಮ್ಮ ಹೆಸರು, ಎರಡೂ ಹತ್ತಿರ ಹತ್ತಿರ ಕೇಳಿಸ್ತವೆ, ನೋಡಿ. ಆ ಹೆಸರಿನ ಮಾತೆತ್ತೋದನ್ನೇ ಬಿಟ್ಟೆ. ನಮ್ಮವರು ಮರದ ಪೀಪಾಯಿ ಮಾಡ್ತಿದ್ರು. ಬೆಣ್ಣೆ, ಉಪ್ಪುಮೀನು ತುಂಬೋಕೆ.”

“ನಿಮ್ಮ ತಂದೆ?”

“ಮೇಷ್ಟ್ರು. ಹಿಂದೆ ನಮ್ಮ ಕಡೆ ಅಪ್ಪನ ಹೆಸರೇ ಮಗನ ಅಡ್ಡಹೆಸರು, ಪ್ರತಿ ತಲೆಮಾರಿಗೂ ಬೇರೆ. ನೂರೆಪ್ಪತ್ತು ವರ್ಷದ ಹಿಂದೆ ಸರಕಾರ ಮನೆಗೊಂದೇ ಹೆಸರು ಇರಲಿ ಅಂತು. ನಮ್ಮವರಿಗೆ ಕಸುಬಿನ ಹೆಸರು ಉಳೀತು. ಆಮೇಲೆ ಕಸುಬು ಹೋಯ್ತು. ನಿಮ್ಮ ಹೆಸರಿಗೆ ಏನರ್ಥ?”

“ಎಣ್ಣೆ ತೆಗೆಯೋರು.”

“ತೆಗೀತೀರಾ?”

“ಇಲ್ಲ. ಗಾಣ ತಿರುಗಿದ್ದನ್ನು ನಾನು ನೋಡೇ ಇಲ್ಲ.”

ಅವನು ಬಿಸ್ಕತ್ತಿನ ತಟ್ಟೆಯನ್ನು ಅವರತ್ತ ಸರಿಸಿದ. ಬಯ್ದಿದ್ದರೂ ಶಿವಬಸಮ್ಮನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಕ್ಷಮೆ ಕೇಳಿದರು.

ಕೇಳಿದ್ದು ಮನಸಾರೆಯೇ. ಆದರೂ ಊರಿಗೆ ಮರಳಿದವರೇ ಮತ್ತೆ ಲೈಬ್ರರಿಗೆ ಹೋದರು. ಅಂದು ಓದದೆ ಬಿಟ್ಟಿದ್ದ ‘ಬೋಡ್ಕರ್’ ಪದ ‘ಬೊಡ್ಡೆಲ್’ನಿಂದ ಕೆಲವೇ ಸಾಲು ಕೆಳಗಿತ್ತು. ಅರ್ಥ: ಪೀಪಾಯಿ ಮಾಡುವವನು. ಮನೆಗೆ ಬಂದು ಮದುವೆಗೆ ಒಪ್ಪಿದರು.

ಮದುವೆಯಾದ ಮೇಲೂ ಗಾಣಿಗೇರಳಾಗಿಯೇ ಉಳಿಯುತ್ತೇನೆ ಅಂದಳು ಸೋನಾಲಿ. ಶಿವಬಸಮ್ಮ ಕಣ್ಣು ಕಿರಿದು ಮಾಡಿ ಕೇಳಿದರು: “ಯಾಕ? ಅವರ ಹೆಸರಿಗೆ ಏನಾಗೇದ?”