ಅಂದಾಜು ಹುಚ್ಚರಂಗಯ್ಯನವರ ಅಂಚೆಚೀಟಿ ತೋಟ

ಹುಚ್ಚರಂಗಯ್ಯನವರು ಹಣೆಗೆ ಅಂಚೆಚೀಟಿ ಅಂಟಿಸಿಕೊಂಡು ತಿಪಟೂರಿನ ಬಸ್ ಸ್ಟ್ಯಾಂಡಿನವರೆಗೆ ನಡೆದುಹೋದದ್ದು ಎರಡು ಸಾವಿರನೇ ಇಸವಿಯ ಅಕ್ಟೋಬರಿನಲ್ಲಿ. ಈ ವಿಷಯ ದಾರಿಯುದ್ದಕ್ಕೂ ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಆದದ್ದಿಷ್ಟು. ಅಂಚೆ ಸಪ್ತಾಹಕ್ಕೆಂದು ಒಂದು ಶಾಲೆಯ ಹಾಲಿನಲ್ಲಿ ಸ್ಟಾಂಪು ಪ್ರದರ್ಶನ ಇಟ್ಟಿದ್ದರು. ಹುಚ್ಚರಂಗಯ್ಯನವರು ಒಳಗೆ ಹೋದದ್ದು ಸ್ಟಾಂಪಿಗಲ್ಲ, ಫ್ಯಾನಿಗೆ. ಅವರು ಸ್ಟಾಂಪಿನ ಫ್ಯಾನ್ ಅಲ್ಲ, ಫ್ಯಾನಿನ ಫ್ಯಾನ್. ಬೆವರಿನಿಂದ ಒದ್ದೆಯಾದ ಟವಲನ್ನು ಮೇಜಿನ ಮೇಲಿಟ್ಟು, ಹತ್ತು ನಿಮಿಷ ಗಾಳಿ ಕುಡಿದು, ಅದೇ ಟವಲಿನಲ್ಲಿ ಮುಖ ಒರೆಸಿಕೊಂಡು ಹೊರಟರು. ಮೇಜಿನ ಮೇಲೆ ಬಿಡಿಯಾಗಿದ್ದ ಒಂದು ಸ್ಟಾಂಪು ಟವಲಿಗೆ ಅಂಟಿ, ಟವಲಿನಿಂದ ಹಣೆಗೆ ಅಂಟಿ, ಅಂಚೆಚೀಟಿ ಹೋಗಿ ಹಣೆಚೀಟಿಯಾಯಿತು.

ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೈ ಅಡ್ಡ ಹಿಡಿದ. "ಯಜಮಾನ್ರೇ, ನಿಮಗ್ಯಾಕೆ ಟಿಕೆಟ್ಟು? ಸ್ಟಾಂಪ್ ಹಚ್ಕೊಂಡೇ ಬಂದಿದ್ದೀರ. ಆ ಕೆಂಪು ಡಬ್ಬಕ್ಕೆ ಬಿದ್ಬುಡಿ, ನಾಳೆ ಹನ್ನೊಂದಕ್ಕೆ ತುರುವೇಕೆರೆ."

ಬಸ್ಸಿಗೆ ಬಸ್ಸೇ ನಕ್ಕಿತು. ಬೇರೆಯವರಾಗಿದ್ದರೆ ಅದನ್ನು ಕಿತ್ತೆಸೆದು ಕಿಟಕಿ ಪಕ್ಕ ಕೂತುಬಿಡುತ್ತಿದ್ದರು. ಹುಚ್ಚರಂಗಯ್ಯನವರು ಅದನ್ನು ಅಂಗೈಯಲ್ಲಿ ಹಿಡಿದು ಹಾಲಿಗೆ ವಾಪಸ್ಸು ನಡೆದರು. ಇಡೀ ತಾಲ್ಲೂಕು ಯಾರ ಮಾತನ್ನು ನಂಬಿತ್ತೋ ಆ ಮನುಷ್ಯ ಒಂದು ಚೀಟಿಗಾಗಿ ಕಳ್ಳನಾಗಬಾರದಲ್ಲ.

ಮಾತು ಎಂದರೆ, ಅವರ ಕಸುಬೇ ಮಾತು. ತೆಂಗಿನ ತೋಟದಲ್ಲಿ ಒಂದು ಸುತ್ತು ಬಂದು, ಮರ ಹತ್ತದೆ, ಕಾಯಿ ಕೆಡವದೆ, "ಹದಿನಾಲ್ಕು ಸಾವಿರ, ಇನ್ನೂರು ಅತ್ತಿತ್ತ" ಎನ್ನುವುದು. ಅಣ್ಣತಮ್ಮಂದಿರು ಪಾಲಾಗುವಾಗ, ತೋಟದ ಫಸಲು ಕೈ ಬದಲಾಗುವಾಗ, ಅವರು ಹೇಳಿದ ಮೇಲೆ ಯಾರೂ ಎಣಿಸುತ್ತಿರಲಿಲ್ಲ. ಮೂವತ್ತು ವರ್ಷ ಹೀಗೆ ನಡೆದು, ಊರು ಅವರ ಹೆಸರಿನ ಹಿಂದೆ 'ಅಂದಾಜು' ಎಂದು ಅಂಟಿಸಿತ್ತು. ಆ ಅಂಟು ಹೋದ ವರ್ಷ ಬಿಟ್ಟುಕೊಂಡಿತು. ಅಮ್ಮಸಂದ್ರದ ಕಡೆ ರೇವಣಸಿದ್ದಯ್ಯನವರ ತೋಟಕ್ಕೆ ಅವರು ಹದಿನೆಂಟು ಸಾವಿರ ಎಂದರು, ಇಳಿದದ್ದು ಹನ್ನೊಂದು. ನುಸಿ ರೋಗ ಬಂದ ವರ್ಷ ಅದು. ಅಂದಿನಿಂದ ಯಾರೂ ಕರೆಯಲಿಲ್ಲ. 'ಹುಚ್ಚರಂಗಯ್ಯನಿಗೆ ಕಣ್ಣು ಹೋಯ್ತು' ಎಂಬ ಮಾತು ಹುಳಿಯಾರಿನವರೆಗೂ ಮುಟ್ಟಿತು.

ಹಾಲಿನಲ್ಲಿ ಆಲ್ಬಮ್ಮುಗಳ ಒಡೆಯ ರಂಗರಾಜು ಖಾಲಿ ಜಾಗ ನೋಡಿಕೊಂಡು ಗಾಬರಿಯಾಗಿ ನಿಂತಿದ್ದರು. ರೈಲ್ವೆಯಿಂದ ನಿವೃತ್ತರು, ನಲವತ್ತು ವರ್ಷದಿಂದ ಸ್ಟಾಂಪು ಕೂಡಿಟ್ಟವರು. ಚೀಟಿ ಕೈಗೆ ಬಂದದ್ದೇ ಮುಖ ಅರಳಿತು. "ನೀವು ಅಂದಾಜು ಹುಚ್ಚರಂಗಯ್ನೋರಲ್ವಾ?"

"ಆಗಿದ್ರು," ಎಂದಿತು ಹಿಂದಿನಿಂದ ಒಂದು ದನಿ. ಮೊಮ್ಮಗಳಿಗೆ ಪ್ರದರ್ಶನ ತೋರಿಸಲು ಬಂದಿದ್ದ ರೇವಣಸಿದ್ದಯ್ಯನವರು. "ಈಗ ಹದಿನೆಂಟು ಅಂದ್ರೆ ಹನ್ನೊಂದು ಅಂತ ತಿಳ್ಕೋಬೇಕು, ಅಷ್ಟೇ."

ಹುಚ್ಚರಂಗಯ್ಯನವರು ಎದುರಿನ ಬೋರ್ಡು ನೋಡಿದರು. ಸೀಮೆಸುಣ್ಣದಲ್ಲಿ ಒಂದು ಪ್ರಶ್ನೆ ಬರೆದಿತ್ತು: 'ಅಂಚೆಚೀಟಿ ಹುಟ್ಟಿದ ಮೊದಲ ಇಪ್ಪತ್ತು ವರ್ಷದಲ್ಲಿ, 1840ರಿಂದ 1860ರವರೆಗೆ, ಲೋಕದಲ್ಲೆಲ್ಲ ಎಷ್ಟು ಬಗೆ ಬಂದವು? ಉತ್ತರ ಭಾನುವಾರ.'

"ಇದಕ್ಕೆ ನಾನ್ ಹೇಳ್ತೀನಿ," ಎಂದುಬಿಟ್ಟರು.

ರೇವಣಸಿದ್ದಯ್ಯನವರು ನಕ್ಕರು. "ಮರ ಹತ್ತದೆ ಹೇಳೋದು ಬೇರೆ ಕಣ್ರೀ, ಲೋಕ ಸುತ್ತದೆ ಹೇಳೋದು ಬೇರೆ."

"ಭಾನುವಾರ ಬನ್ನಿ, ಸಿದ್ದಯ್ನೋರೇ."

ಅದು ಬುಧವಾರ. ಗುರುವಾರ ಬೆಳಿಗ್ಗೆ ಅವರು ಒಂದು ಹಳೆಯ ಲಗ್ನಪತ್ರಿಕೆ, ಒಂದು ಪೆನ್ಸಿಲ್ಲು ಹಿಡಿದು ಹಾಲಿಗೆ ಬಂದರು. ರಂಗರಾಜು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಕೊಟ್ಟರು; ಲೋಕದ ಸ್ಟಾಂಪುಗಳೆಲ್ಲ ದೇಶವಾರು ಅದರಲ್ಲಿದ್ದವು. "ಹಳೇವನ್ನ ಮಾತ್ರ ಆರಿಸಿ ಎಣಿಸೋಕೆ ನಂಗೆ ಒಂದು ಮಳೆಗಾಲ ಪೂರ್ತಿ ಹಿಡೀತು," ಎಂದು ಎಚ್ಚರಿಸಿದರು. ಹುಚ್ಚರಂಗಯ್ಯನವರ ಓದು ನಾಲ್ಕನೇ ಕ್ಲಾಸು, ಅದೂ ಕನ್ನಡದ್ದು. ಓದಿ ಹೇಳಲು ಒಪ್ಪಿದವಳು ಅಲ್ಲಿ ಸ್ಟಾಂಪು ಮಾರಲು ಕೂತಿದ್ದ ಅಂಚೆ ಕಚೇರಿಯ ಗುಮಾಸ್ತೆ ವನಿತಾ.

"ಈ ತೋಟಕ್ಕೆ ಸಸಿ ನೆಟ್ಟಿದ್ಯಾವಾಗವ್ವ?"

"ತೋಟ ಅಲ್ಲ ಸಾರ್, ದೇಶ. ಇಂಗ್ಲೆಂಡು, ನಲವತ್ತರಲ್ಲಿ."

"ಬ್ರೆಜಿಲ್ಲು?"

"ನಲವತ್ಮೂರು."

"ನಮ್ಮ ಕಡೇದು?"

"ಸಿಂಧ್ ಪ್ರಾಂತ್ಯದ್ದು. ಐವತ್ತೆರಡು."

"ಅಂದ್ರೆ ಅರವತ್ತರ ಹೊತ್ಗೆ ಎಂಟು ವರ್ಷದ ಮರ. ಈಗ್ತಾನೆ ಹೊಂಬಾಳೆ."

ಸಂಜೆಯೊಳಗೆ ಲಗ್ನಪತ್ರಿಕೆಯ ಬೆನ್ನ ಮೇಲೆ ಅರವತ್ತರ ಒಳಗೆ ಸ್ಟಾಂಪು ತಂದ ಎಂಬತ್ತು ತೋಟ ಸಾಲಾಗಿ ನಿಂತವು. ಅದರಲ್ಲಿ ಹತ್ತು ಆರಿಸಿ ಎಣಿಸಿದರೆ ಇನ್ನೂರ ಎಪ್ಪತ್ತು ಬಗೆ. ಎಂಟರಿಂದ ಗುಣಿಸಿದರೆ ಎರಡು ಸಾವಿರದ ನೂರ ಅರವತ್ತು. ಇಷ್ಟೇನಾ ಲೋಕ ಎಂದು ಬೀಗುತ್ತ ಊರಿಗೆ ಹೋದರು.

ಹೆಂಡತಿ ಪುಟ್ಟಗೌರಮ್ಮ ಮುದ್ದೆ ಬಡಿಸುತ್ತ ಕೇಳಿದರು. "ಎಂಬತ್ರಲ್ಲಿ ಹತ್ತು ಯಾವ್ ಆರ್ಸಿದ್ರಿ?"

"ಇಂಗ್ಲೆಂಡು, ಫ್ರಾನ್ಸು, ಅಮೇರಿಕ... ನಾನು ಹೆಸರು ಕೇಳಿರೋವು."

"ನೀವ್ ಹೆಸರು ಕೇಳ್ದೆ ಇರೋವು ಕಾಯೇ ಬುಡಲ್ವಾ? ಇಲ್ಲ, ಅವೂ ಅಷ್ಟೇ ಬುಡ್ತವಾ?"

ಹುಚ್ಚರಂಗಯ್ಯನವರು ಮುದ್ದೆ ಬಿಟ್ಟು ಲಗ್ನಪತ್ರಿಕೆ ತೆಗೆದು ನೋಡಿದರು. ಹೆಸರಾದ ದೇಶ ಎಂದರೆ ಮನೆ ಮುಂದಿನ ಸಾಲು. ನೀರು, ಗೊಬ್ಬರ, ಬಚ್ಚಲ ತೇವ ಎಲ್ಲ ಅದಕ್ಕೇ ಮೊದಲು. ಅದನ್ನು ನೋಡಿ ಇಡೀ ತೋಟಕ್ಕೆ ಹೇಳುವ ಪೆದ್ದನಿದ್ದಾನೆಯೇ? ಇದ್ದ. ಹೋದ ವರ್ಷ ರೇವಣಸಿದ್ದಯ್ಯನವರ ಜಗಲಿಯಲ್ಲಿ ಕೂತು, ಎಳನೀರು ಕುಡಿದು, ಮುಂದಿನ ಮೂರು ಸಾಲಿನ ಗೊನೆ ನೋಡಿ ಹದಿನೆಂಟು ಸಾವಿರ ಎಂದವನು ಅವನೇ. ಹೆಸರು ಬಂದಮೇಲೆ ಅಷ್ಟು ದೂರ ಯಾರು ನಡೆಯುತ್ತಾರೆ? ನುಸಿ ನುಸುಳಿದ್ದು ಹಿಂದಿನ ಸಾಲಿನಿಂದ. ಒಂದು ವರ್ಷ ಅವರು ನುಸಿಯನ್ನು ಬೈದಿದ್ದರು. ಅದಕ್ಕಾದರೂ ಹಿಂದಿನ ಸಾಲು ಎಲ್ಲಿದೆ ಎಂದು ಗೊತ್ತಿತ್ತು.

ಶುಕ್ರವಾರ ಮೊದಲ ಬಸ್ಸಿಗೆ ತಿಪಟೂರಿಗೆ ಬಂದರು. "ವನಿತವ್ವ, ನಿನ್ನೇದು ಹೊಡ್ದಾಕು. ಸಾಲ್ನಲ್ಲಿ ಎಂಟಕ್ಕೊಂದು. ಹೆಸ್ರು ಏನಾದ್ರೂ ಇರ್ಲಿ, ಸಿಕ್ಕಿದ್ದೇ ಲೆಕ್ಕ."

ಎಂಟಕ್ಕೊಂದು ಎಂದಾಗ ಸಿಕ್ಕವು ವಿಚಿತ್ರ ತೋಟಗಳು. ಮೆಕ್ಲೆನ್‌ಬರ್ಗ್ ಶ್ವೆರಿನ್ ಎಂಬ ಸಂಸ್ಥಾನದ ಹೆಸರು ಹೇಳಲು ವನಿತಾ ಎರಡು ಸಲ ಉಸಿರು ತೆಗೆದುಕೊಂಡಳು. ಅಲ್ಲಿ ಸಿಕ್ಕಿದ ಬಗೆ ಅಷ್ಟು ಉಸಿರಿಗೆ ಬಾಳುವಂತಿರಲಿಲ್ಲ. ಕೆಲವು ದ್ವೀಪಗಳದ್ದು ಇನ್ನೂ ಕಡಿಮೆ. ಅಲ್ಲದೆ ಪ್ರತಿ ಪುಟದಲ್ಲೂ ಒಂದು ತಕರಾರು.

"ಸಾರ್, ಅದೇ ಚಿತ್ರ, ಬಣ್ಣ ಬೇರೆ. ಒಂದಾ, ಎರಡಾ?"

"ಬೆಲೆಯೂ ಬೇರೆನಾ? ಹಂಗಾದ್ರೆ ಎರಡು."

"ಇದು ಅಂಚು ನುಣ್ಣಗಿರೋದು. ಆಮೇಲೆ ಅದಕ್ಕೇ ಹಲ್ಲು ಬಂದಿದೆ."

"ನಂಗೆ ಹೋದ ವರ್ಷ ನಾಕು ಹಲ್ಲು ಬಿದ್ವು. ನಾನೇನು ಬೇರೆಯೋನಾದ್ನಾ? ಒಂದೇ ಬರ್ಕೊ."

ವನಿತಾ ನಕ್ಕು ಬರೆದುಕೊಂಡಳು. ಶನಿವಾರವೂ ಕೂತರು. ರಂಗರಾಜು ಊಟಕ್ಕೆ ಕರೆದರೂ ಏಳಲಿಲ್ಲ. ಮೂರು ದೇಶಗಳನ್ನು ಅನುಮಾನ ಬಂದು ಮತ್ತೆ ಎಣಿಸಿದರು. ಸಂಜೆ ಹತ್ತು ತೋಟದ ಮೊತ್ತ ನೂರ ಹದಿನೇಳು. ಎಂಟರಿಂದ ಗುಣಿಸಿ, ಚಿಲ್ಲರೆ ಕೈಬಿಟ್ಟು, ಪತ್ರಿಕೆ ಮಡಚಿ ಜೇಬಿಗಿಟ್ಟರು.

ಭಾನುವಾರ ಹಾಲು ತುಂಬಿತ್ತು. ಹಣೆಯ ಸ್ಟಾಂಪಿನ ಕತೆ ಕೇಳಿ ಬಂದವರೇ ಅರ್ಧ. ಬಂದ ಉತ್ತರಗಳನ್ನು ರಂಗರಾಜು ಓದಿದರು: ಒಬ್ಬ ಇನ್ನೂರು ಎಂದಿದ್ದ, ಒಬ್ಬ ಮೇಷ್ಟರು ಐವತ್ತು ಸಾವಿರ ಎಂದಿದ್ದರು. ಕೊನೆಗೆ ಹುಚ್ಚರಂಗಯ್ಯನವರು ಎದ್ದರು. ಟವಲನ್ನು ಹೆಗಲ ಮೇಲೆ ಭದ್ರವಾಗಿ ಹಿಡಿದುಕೊಂಡಿದ್ದರು.

"ಒಂಬೈನೂರ ಮೂವತ್ತು. ಐವತ್ತು ಅತ್ತಿತ್ತ."

ರಂಗರಾಜು ಲಕೋಟೆ ಹರಿದರು. ಒಂದು ಸಲ ಓದಿ, ಕನ್ನಡಕ ಒರೆಸಿ, ಇನ್ನೊಂದು ಸಲ ಓದಿದರು. "ಹಲ್ಲಿನ ವ್ಯತ್ಯಾಸ ನಾನೂ ಲೆಕ್ಕಕ್ಕೆ ಹಿಡಿದಿಲ್ಲ. ಬೇರೆ ಪುಸ್ತಕ ಬೇರೆ ಹೇಳಬಹುದು. ನನ್ನ ಪುಸ್ತಕದ ಪ್ರಕಾರ ನನ್ನ ಎಣಿಕೆ ಒಂಬೈನೂರ ಅರವತ್ತೆರಡು."

ಐವತ್ತರ ಒಳಗೇ ಬಂತು, ಬರೀ ಮೂವತ್ತೆರಡು ಕಮ್ಮಿ. ಆಮೇಲೆ ಚಪ್ಪಾಳೆ. ವನಿತಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಹಿಂದಿನಿಂದ ಯಾರೋ "ಕಣ್ಣು ಹೋಗಿಲ್ಲ ಕಣ್ಲಾ!" ಎಂದರು. ರೇವಣಸಿದ್ದಯ್ಯನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಮುಖದಲ್ಲಿ ನಗೆಯಿರಲಿಲ್ಲ, ಮರ್ಯಾದೆ ಇತ್ತು.

"ರಂಗಯ್ನೋರೇ, ನಾನಂದಿದ್ದು ತಪ್ಪಾಯ್ತು. ನೂರೈವತ್ತು ವರ್ಷದ ಹಿಂದಿಂದು, ಏಳು ಸಮುದ್ರದಾಚೆದು, ಕೂತಲ್ಲೇ ಹೇಳ್ಬುಟ್ರಿ. ಇಲ್ಲಿ ಎಲ್ಲರ ಮುಂದೆ ಕೇಳ್ತಾ ಇದೀನಿ. ಈ ಸಲ ನನ್ ತೋಟದಾಗೆ ಎಷ್ಟು ಕಾಯಿ ಅದೆ, ಹೇಳಿ. ನೀವು ಹೇಳಿದ್ದೇ ಖಾಯಂ."

ಹಾಲಿಗೆ ಹಾಲೇ ಕಿವಿಯಾಯಿತು. ಹುಚ್ಚರಂಗಯ್ಯನವರು ಟವಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.

"ನಂಗೇನ್ ಗೊತ್ತು, ಸಿದ್ದಯ್ನೋರೇ? ನಾನಿನ್ನೂ ನಿಮ್ ತೋಟದೊಳಕ್ಕೆ ಹೋಗೇ ಇಲ್ಲ."